ಗಣಕದೊಳಗೊಂದು ಒಡ್ಡು

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಭತ್ತದ ಗದ್ದೆಯ ಮಗ್ಗುಲಲ್ಲಿಯೇ ಹತ್ತಿಯ ಹೊಲವಿರುವುದನ್ನು ವಾಚಕರು ಕಂಡಿರಬಹುದು. ಭತ್ತಕ್ಕೆ ನಿಂತ ನೀರು ಬೇಕು. ಹತ್ತಿಯ ಬೇರಿಗೆ ಅದೇ ನೀರು ಮಾರಕ. ನಡುವಣ ಒಡ್ಡು ಗಟ್ಟಿಯಾಗಿದ್ದರೆ ಎರಡೂ ಬೆಳೆ ಕೈಗೆ ಬರುತ್ತವೆ. ಗಣಕಯಂತ್ರದೊಳಗೂ ಇಂತಹ ಒಡ್ಡನ್ನು ಹಾಕಬೇಕಾದ ಪ್ರಸಂಗವುಂಟು.

ಯಾದಗಿರಿಯ ನಮ್ಮ ಪ್ರಯೋಗಶಾಲೆಯಲ್ಲಿ ಒಂದೇ ಗಣಕವನ್ನು ಇಬ್ಬರು ವಿದ್ಯಾರ್ಥಿಗಳು ಬಳಸುತ್ತಿದ್ದರು. ಒಬ್ಬನದು ಲೋಲಕದ ಆಂದೋಲನಾವಧಿಯನ್ನು ಲೆಕ್ಕಹಾಕುವ, ಹಿರಿಯ ವಿದ್ಯಾರ್ಥಿಗಳಿಂದ ಬಂದ ಹಳೆಯ ಪೈಥಾನ್ ಪ್ರೋಗ್ರಾಮು. ಇನ್ನೊಬ್ಬಳು ಮಳೆಯ ಅಂಕಿಗಳನ್ನು ಪರಿಶೀಲಿಸಲು ಹೊಸ ತಂತ್ರಾಂಶವೊಂದನ್ನು ಅಳವಡಿಸಿದಳು. ಅದರ ಬೆನ್ನಿಗೇ ನಂಪೈ ಎಂಬ ಗಣಿತ ಗ್ರಂಥಾಲಯದ ಹೊಸ ಆವೃತ್ತಿಯೂ ಬಂದಿತು. ಮರುದಿನ ಲೋಲಕದ ಲೆಕ್ಕ ನಿಂತುಹೋಯಿತು. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಪ್ರಾಜೆಕ್ಟನ್ನು ಒಪ್ಪಿಸಲು ಉಳಿದಿದ್ದುದು ಎರಡೇ ದಿನ. ಅದರಲ್ಲಿದ್ದ 'ಎನ್‌ಪಿ.ಫ್ಲೋಟ್' ಎಂಬ ಹೆಸರನ್ನು ಇನ್ನು ಬಳಸಬಾರದೆಂದು 2021ರ ಜನವರಿಯ 1.20ನೆಯ ಆವೃತ್ತಿಯು ಎಚ್ಚರಿಸಿದ್ದಿತು. 2022ರ ಡಿಸೆಂಬರಿನ 1.24ರಲ್ಲಿ ಅದನ್ನು ತೆಗೆದೇ ಹಾಕಲಾಯಿತು. ಎಚ್ಚರಿಕೆಯ ಸಾಲುಗಳನ್ನು ಓದುವವರು ಯಾರು!

ಪೈಥಾನಿಗೆ ಸೇರಿಸಿದ ಗ್ರಂಥಾಲಯಗಳೆಲ್ಲ 'ಸೈಟ್-ಪ್ಯಾಕೇಜಸ್' ಎಂಬ ಒಂದೇ ಫೋಲ್ಡರಿನಲ್ಲಿ ನೆಲೆಸುತ್ತವೆ. ಹೊಸ ನಂಪೈ ಬಂದರೆ ಹಳೆಯದು ಜಾಗ ಬಿಡಲೇಬೇಕು. ಇದಕ್ಕೆ ಪರಿಹಾರವು 2012ರ ಪೈಥಾನ್ 3.3ರಿಂದ ಆ ಭಾಷೆಯೊಡನೆಯೇ ಬರುತ್ತಿದೆ. ಅದರ ಹೆಸರು 'ವೆನ್ವ್'. 'ಪೈಥಾನ್ -ಎಂ ವೆನ್ವ್ ಲೋಲಕ' ಎಂದು ಆಜ್ಞೆಯಿತ್ತರೆ 'ಲೋಲಕ' ಎಂಬ ಫೋಲ್ಡರು ಸಿದ್ಧವಾಗುತ್ತದೆ. ಅದರೊಳಗೆ ಪ್ರತ್ಯೇಕ ಸೈಟ್-ಪ್ಯಾಕೇಜಸ್ ಇರುತ್ತದೆ. ಜೊತೆಗೆ, ಮೂಲ ಪೈಥಾನ್ ಎಲ್ಲಿದೆಯೆಂದು ತಿಳಿಸುವ ಪುಟ್ಟ ಕಡತವೊಂದಿರುತ್ತದೆ. ಅಲ್ಲಿಂದ ಚಾಲೂ ಮಾಡಿದ ಪೈಥಾನ್, ಆ ಕಡತವನ್ನು ಕಂಡೊಡನೆ, ಗ್ರಂಥಾಲಯಗಳನ್ನು ಆ ಆವರಣದೊಳಗೇ ಹುಡುಕುತ್ತದೆ. ಆವರಣವನ್ನು 'ಆಕ್ಟಿವೇಟ್' ಮಾಡುವುದೆಂದರೂ ಮಾಟವೇನಲ್ಲ: ಆಜ್ಞೆಗಳನ್ನು ಹುಡುಕುವ ಹಾದಿಗಳ ಪಟ್ಟಿಯಲ್ಲಿ ಈ ಫೋಲ್ಡರಿಗೆ ಮೊದಲ ಸ್ಥಾನ ಕೊಡುವುದು, ಅಷ್ಟೆ.

ವಿದ್ಯಾರ್ಥಿಗಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಇಡೀ ಆವರಣವನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಸುರಪುರದ ಮನೆಗೆ ಒಯ್ಯುತ್ತಾರೆ. ಅಲ್ಲಿ ಅದು ನಡೆಯದು. ಏಕೆಂದರೆ ಅದರೊಳಗೆ ಮೊದಲಿನ ಯಂತ್ರದ ವಿಳಾಸಗಳು ಬರೆದಿರುತ್ತವೆ. ಒಯ್ಯಬೇಕಾದುದು ಪ್ರೋಗ್ರಾಮನ್ನು ಮತ್ತು 'ಪಿಪ್ ಫ್ರೀಜ್' ಎಂಬ ಆಜ್ಞೆ ಕೊಡುವ, ಗ್ರಂಥಾಲಯಗಳ ಹೆಸರು ಹಾಗೂ ಆವೃತ್ತಿಗಳ ಪಟ್ಟಿಯನ್ನು. ಆ ಪಟ್ಟಿಯಿಂದ ಅಲ್ಲಿ ಹೊಸ ಆವರಣವನ್ನು ಕಟ್ಟಿಕೊಳ್ಳಬಹುದು. ಇನ್ನೊಂದು ಮಾತು: ಇದು ಒಡ್ಡೇ ಹೊರತು ಯಾದಗಿರಿಯ ಕೋಟೆಯಲ್ಲ. ಕೇಡಿನ ಪ್ರೋಗ್ರಾಮೊಂದನ್ನು ಒಳಗಿಟ್ಟು ನಡೆಸಿದರೆ ಅದು ನಿಮ್ಮ ಉಳಿದ ಕಡತಗಳನ್ನು ಮುಟ್ಟಬಲ್ಲುದು.

ಅಂದು ಸಂಜೆ ಎರಡು ಆವರಣಗಳನ್ನು ಮಾಡಿ, ಲೋಲಕಕ್ಕೆ ನಂಪೈ 1.23ನ್ನೂ ಮಳೆಗೆ ಹೊಸದನ್ನೂ ಕೊಟ್ಟೆವು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಲೋಲಕದ ಉತ್ತರ ಹಿಂದಿನಂತೆಯೇ ಬಂದಿತು.