ತಿರುಗಣೆಗೆ ಒಲಿದ ಹೂವು

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಬರುವ ಯಾತ್ರಿಕನ ದೃಷ್ಟಿಯು ಸಾಮಾನ್ಯವಾಗಿ ಮದನಿಕೆಯರಲ್ಲಿಯೂ ಭುವನೇಶ್ವರಿ ಎಂಬ ಒಳಛಾವಣಿಯ ಸೂಕ್ಷ್ಮವಾದ ಕೆತ್ತನೆಯಲ್ಲಿಯೂ ನೆಟ್ಟುಹೋಗುವುದರಿಂದ, ನವರಂಗದ ಕಂಬಗಳ ಮೈಯನ್ನು ಬಳಸಿ ಬಂದ ನುಣುಪಾದ ಉಂಗುರಗಳನ್ನೂ, ಘಂಟೆಯಾಕಾರದ ಉಬ್ಬುಗಳನ್ನೂ, ಕತ್ತಿಯ ಅಲಗಿನಂತೆ ಚೂಪಾದ ಅಂಚುಗಳನ್ನೂ ನಿಂತು ನೋಡುವವರು ವಿರಳ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಆ ಗುಡಿಗೆ ಸಕಲೇಶಪುರ, ಆಲೂರುಗಳ ಗುಡ್ಡಗಳು ನೆರೆಹೊರೆಯವು. ಹೊಯ್ಸಳರ ಮೂಲಸ್ಥಾನವೆನಿಸಿದ ಅಂಗಡಿ ಗ್ರಾಮವೂ ಇದೇ ಮಲೆನಾಡಿನ ಸೆರಗಿನಲ್ಲಿಯೇ ಇದೆ. ಮರವನ್ನು ತಿರುಗಿಸಿ ಹೂವನ್ನು ಅರಳಿಸುವ ವಿದ್ಯೆಯ ಚರಿತ್ರೆಯನ್ನು ಈ ಸೀಮೆಯಲ್ಲಿ ಅರಸಹೊರಟವನು ಕಲ್ಲಿನಿಂದಲೇ ಆರಂಭಿಸಬೇಕಾಗಿ ಬರುವುದು ಒಂದು ಸೋಜಿಗ.

ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಮೈಯೊಡ್ಡಿದಂತೆಲ್ಲ ಗಟ್ಟಿಗೊಳ್ಳುವ ಬಳಪದ ಕಲ್ಲು ತಿರುಗಣೆಯ ಉಳಿಗೆ ಮಣಿಯಬಲ್ಲದು. ಕಂಬದ ಬುಡವನ್ನು ಚೌಕವಾಗಿಯೇ ಉಳಿಸಿ, ಮೇಲಿನ ಭಾಗವನ್ನು ಒರಟಾಗಿ ದುಂಡಗೆ ಮಾಡಿ, ಬಳಿಕ ಇಡಿಯ ಕಲ್ಲನ್ನೇ ಸುತ್ತಿಸುತ್ತ ಉಳಿಹಿಡಿದು ಈ ಉಂಗುರಗಳನ್ನು ತೆಗೆದರೆಂಬುದು ವಿದ್ವಾಂಸರ ಅಭಿಪ್ರಾಯ. ಈ ಪದ್ಧತಿ ಹೊಯ್ಸಳರಿಗೆ ಕಲ್ಯಾಣದ ಚಾಲುಕ್ಯರಿಂದ ಬಂದದ್ದು. 1112ರ ಇಟಗಿಯ ಮಹಾದೇವ ದೇವಾಲಯದಲ್ಲಿಯೂ ಲಕ್ಕುಂಡಿಯ ಗುಡಿಗಳಲ್ಲಿಯೂ ಇದರ ಪ್ರೌಢಿಮೆಯನ್ನು ಕಾಣಬಹುದು. ಆದರೆ ಇಷ್ಟು ಭಾರದ ಶಿಲೆಯನ್ನು ಸುತ್ತಿಸಲು ಧೈರ್ಯಮಾಡಿದ ಕೈ ಮೊದಲು ಮರದಲ್ಲಿ ಪಳಗಿರಲೇಬೇಕೆಂದು ನನ್ನ ಎಣಿಕೆ. ಗೆದ್ದಲಿಗೂ ಮಲೆನಾಡಿನ ಮಳೆಗೂ ಸಿಕ್ಕಿದ ಆ ಮರ ಉಳಿಯಲಿಲ್ಲ. ಅದರ ರೂಪವನ್ನು ಕಲ್ಲು ಕಾಪಾಡಿಕೊಂಡು ಬಂದಿತು.

ಹಿಂದಿನ ಕಾಲದ ತಿರುಗಣೆ ಅತಿ ಸರಳವಾದ ಸಾಧನ. ಎರಡು ಮೊಳೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗವನ್ನೋ ಬಿಲ್ಲಿನ ಹೆದೆಯನ್ನೋ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದರೆ, ಮಜ್ಜಿಗೆಯ ಕಡೆಗೋಲು ತಿರುಗುವ ಹಾಗೆಯೇ ಮರವು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುವುದು. ಒಂದು ಸುತ್ತಿನಲ್ಲಿ ಮಾತ್ರ ಉಳಿ ಕಚ್ಚುವುದು, ಮರುಸುತ್ತಿನಲ್ಲಿ ಕೈ ಹಿಂದೆಗೆಯುವುದು. ತೊಟ್ಟಿಲ ಗುಬ್ಬಿ, ಮಂಚದ ಕಾಲು, ಕುಂಕುಮದ ಭರಣಿ, ಬುಗುರಿ ಇವೆಲ್ಲವೂ ಹೀಗೆಯೇ ಹುಟ್ಟಿದವು.

ಈ ವಿದ್ಯೆ ನಮ್ಮ ನಾಡಿನಲ್ಲಿ ಜೀವಂತವಾಗಿ ನೆಲೆಸಿರುವುದು ಚನ್ನಪಟ್ಟಣದಲ್ಲಿ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಅಲ್ಲಿಯ ಐತಿಹ್ಯ. ಜಪಾನಿನ ರೀತಿಯನ್ನು ಅಭ್ಯಾಸಮಾಡಿ ಕಸುಬಿಗೆ ಹೊಸ ಚೈತನ್ಯವನ್ನು ತಂದವರೆಂದು ಬವಾಸ್ ಮಿಯಾ ಅವರ ಹೆಸರನ್ನು ಇಂದಿಗೂ ಗೌರವದಿಂದ ಸ್ಮರಿಸುವರು. ಹಾಲು ಸುರಿಸುವ, ಬೆಳ್ಳಗಿನ, ನಯವಾದ ಆಲೆಮರವೇ ಅಲ್ಲಿಯ ಮುಖ್ಯ ದ್ರವ್ಯ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮೈಗೆ ಅಂಟುವುದು. ಒಣಗಿದ ಗರಿಯಿಂದ ತೀಡಿದೊಡನೆ ಹೊಳಪು ಏರುವುದು. ಕುಂಚವಿಲ್ಲದೆ ಬಣ್ಣ ಬಳಿಯುವ ಈ ಚಮತ್ಕಾರವನ್ನು ಎಷ್ಟು ನೋಡಿದರೂ ದಣಿವಿಲ್ಲ.

ಹೂವಿನ ಮಾತಿಗೆ ಬರೋಣ. ತಿರುಗಣೆಯಲ್ಲಿ ಹೂವನ್ನು ಎರಡು ಬಗೆಯಾಗಿ ಮಾಡಬಹುದು. ಮೊದಲನೆಯದು ಒಣಮರದ ಹೂವು: ಬಳೆಯೊಳಗೆ ಬಳೆಯನ್ನು ಕೊರೆದು, ನಡುವೆ ಬೊಕ್ಕೆಯನ್ನು ಬಿಟ್ಟು, ತಾವರೆಯನ್ನು ಸೂಚಿಸುವುದು. ಎರಡನೆಯದು ಹಸಿಮರದ ಹೂವು, ಹೆಚ್ಚು ರಸವತ್ತಾದದ್ದು. ಹೆಬ್ಬೆರಳ ಗಾತ್ರದ, ನೀರಾರದ ಕೊಂಬೆಯೊಂದರ ಒಂದು ತುದಿಯನ್ನು ಮೋಟಾರಿನಿಂದ ತಿರುಗುವ ಇಂದಿನ ಯಂತ್ರದ ಬಾಯಿಗೆ ಕಚ್ಚಿಸಿ, ಓರೆಯಲಗಿನ ಉಳಿಯಿಂದ ಇನ್ನೊಂದು ತುದಿಯ ಕಡೆಯಿಂದ ಬುಡದತ್ತ ತೆಳುವಾದ ಪದರವನ್ನು ಎಬ್ಬಿಸುತ್ತ ಬಂದು, ಪದರವು ಕಳಚಿ ಬೀಳುವುದಕ್ಕೆ ಒಂದು ಕ್ಷಣ ಮುಂಚೆಯೇ ಕೈಯನ್ನು ತಡೆದರೆ, ಸೀಳಿದ ಎಳೆಗಳು ಸುರುಳಿಗೊಂಡು ಎಸಳುಗಳಾಗುವುವು; ಅದರ ಒಳಗೆ ಮತ್ತೊಂದು ಸುತ್ತು, ಮತ್ತೂ ಒಳಗೆ ಇನ್ನೊಂದು. ಒಣಗಿದ ಮರವಾದರೆ ಹೊಪ್ಪಳಿಕೆಯು ಮುರಿದು ಹಾರಿಹೋಗುವುದು; ಮೊಂಡುಳಿಯಾದರೆ ಎಸಳಿಗೆ ಬದಲಾಗಿ ನಾರು ಏಳುವುದು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಸೈಫನ್ ಎಂಬ ಬೆಟ್ಟದೂರಿನಲ್ಲಿ, ತವರದ ಗಣಿಗಳು ಕ್ಷೀಣಿಸಿದ ಮೇಲೆ ತಿರುಗಣೆಯನ್ನೇ ನೆಚ್ಚಿದ ಜನ ಇದೇ ತತ್ತ್ವದಿಂದ ಸುರುಳಿಯೆಲೆಗಳ ಪುಟ್ಟ ಮರಗಳನ್ನು ಮಾಡಿ ಜಗತ್ತಿಗೆಲ್ಲ ಮಾರಿದರು. ಕಳಚುವುದಕ್ಕೂ ಕಳಚದಿರುವುದಕ್ಕೂ ನಡುವಣ ಆ ಕ್ಷಣದ ವಿವೇಕವನ್ನು ಯಾವ ಮೋಟಾರೂ ಕಲಿಸಲಾರದು.

ಇಂಥ ಕೆಲಸಕ್ಕೆ ಬೇಕಾದ ಹಸಿಗೊಂಬೆಯ ಕೊರತೆ ಸಕಲೇಶಪುರದ ಕಡೆ ಎಂದೂ ಇಲ್ಲ. ಮಂಜರಾಬಾದ್ ಎಂಬ ಹಳೆಯ ಹೆಸರಿನ ಈ ಸೀಮೆಗೆ 19ನೆಯ ಶತಮಾನದ ನಡುಭಾಗದಲ್ಲಿ ಯೂರೋಪಿನ ತೋಟಗಾರರು ಬಂದು ನೆಲೆಸಿದಂದಿನಿಂದ ಕಾಫಿಗಿಡದ ರೆಂಬೆ ಸವರುವ ಕಸಿಯೂ ನೆರಳುಮರಗಳ ಕೊಂಬೆ ಕಡಿಯುವ ಮರಗಸಿಯೂ ವರ್ಷವರ್ಷವೂ ನಡೆದುಕೊಂಡು ಬಂದಿವೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮೆಣಸಿನ ಬಳ್ಳಿಗೆ ಆಸರೆಯಾಗಿ ಸಾಲುಸಾಲಾಗಿ ನಿಂತಿದೆ. ಮುದಿಯಾದ ಅರೇಬಿಕಾ ಗಿಡಗಳನ್ನು ಕಿತ್ತು ಹೊಸ ಸಸಿ ನೆಡುವಾಗ ಹೊರಬೀಳುವ ಕಾಂಡ ಸಣ್ಣದಾದರೂ ಗಟ್ಟಿ, ಎಳೆ ಬಿಗಿ, ಬಣ್ಣ ತುಸು ಹಳದಿಗೂಡಿದ ಬಿಳುಪು. ಕಡೆಯುವವನಿಗೆ ಇದಕ್ಕಿಂತ ಹೆಚ್ಚಿನದು ಬೇಡ. ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಮಾತ್ರ ಬೆಂಕಿಗೇ ಹಾಕತಕ್ಕದ್ದು, ಅದರಲ್ಲಿ ಲೋಭ ಸಲ್ಲದು. ಉಳಿದ ಬೊಡ್ಡೆಯೂ ಬಹುಪಾಲು ಒಲೆಗೇ ಹೋಗುವುದನ್ನು ಕಂಡಾಗ ಮನಸ್ಸಿಗೆ ಖೇದವಾಗುವುದು. ಕಾಫಿಬೇರಿನ ಮೇಜು, ಕುರ್ಚಿಗಳಿಗೆ ಇಂದು ಬೆಲೆಯುಂಟು. ಅದರ ಕೊಂಬೆಯ ಹೂವಿಗೇಕೆ ಇರಬಾರದು?

ಆದರೆ ಈ ನೆಲದ ಪ್ರಸಿದ್ಧ ಹೂವನ್ನೇ ತಿರುಗಣೆಯಲ್ಲಿ ಮಾಡುವೆನೆಂಬ ಉತ್ಸಾಹಿಗೆ ಯಂತ್ರ ಅಡ್ಡ ನಿಲ್ಲುವುದು. ಸುತ್ತುವ ಮರಕ್ಕೆ ವೃತ್ತವೊಂದೇ ಗೊತ್ತು. ಹೂಮಳೆ ಬಿದ್ದ ಕೆಲವು ದಿನಗಳಿಗೆ ತೋಟವನ್ನೆಲ್ಲ ಬೆಳ್ಳಗೆ ಮಾಡುವ ಅರೇಬಿಕಾ ಹೂವಿಗೋ ಬಿಡಿಬಿಡಿಯಾಗಿ ಚಾಚಿದ ಐದು ಎಸಳು. ಬಳೆಬಳೆಯಾಗಿ ಬರೆಯಬಹುದಾದ ತಾವರೆ ಹೊಯ್ಸಳರ ಶಿಲ್ಪಿಗೂ ಚನ್ನಪಟ್ಟಣದ ಕಸುಬುದಾರನಿಗೂ ಒಲಿದದ್ದು ಇದರಿಂದಲೇ ಇದ್ದೀತು. ಕಾಫಿಹೂವಿನ ನೀಳವಾದ ಕೊಳವೆಯನ್ನೂ ಅರಳುವ ಮುನ್ನಿನ ಚೂಪು ಮೊಗ್ಗನ್ನೂ ತಿರುಗಣೆಯಲ್ಲಿ ಸೊಗಸಾಗಿ ತೆಗೆಯಬಹುದು. ಎಸಳುಗಳನ್ನು ಚಾಕುವಿನಿಂದ ಬೇರೆಯಾಗಿ ಕೆತ್ತಿ, ಕೊಳವೆಯ ಬಾಯಿಗೆ ಐದು ಗೀರು ಕೊರೆದು ಕೂರಿಸಬೇಕು.