ಆಸ್ತಿ ಪಾಲಿನಲ್ಲಿ ಐದನೇ ಕ್ಲಾಸಿನ ಗಣಿತ: 17 ಯಾಕೆ ಒಡೆಯುವುದಿಲ್ಲ?

ಸೊಲ್ಲಾಪುರ, ಅಕ್ಕಲಕೋಟ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳುಂಟು. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಮೂರರಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ನಾವು ಇಲ್ಲಿ ಅವಿಭಾಜ್ಯ ಸಂಖ್ಯೆ ಎಂದು ಕಲಿತದ್ದು ಮರಾಠಿಯಲ್ಲಿ ‘ಮೂಳ ಸಂಖ್ಯಾ’, ಉರ್ದುವಿನಲ್ಲಿ ‘ಮುಫ್ರದ್ ಅದದ್’. ನಮ್ಮ ಲ.ಸಾ.ಅ. ಮರಾಠಿಯಲ್ಲಿ ‘ಲಸಾವಿ’. ಹೆಸರು ಬೇರೆ, ಲೆಕ್ಕ ಒಂದೇ. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಇದನ್ನು ಮರೆತುಬಿಡುತ್ತಾರೆ. ಆದರೆ ಮನೆಯ ಹಿರಿಯರು ತೀರಿಕೊಂಡು ಆಸ್ತಿ ಪಾಲಾಗುವಾಗ ಬೇಕಾಗುವುದು ಇದೇ ಲೆಕ್ಕ.

ಮೊದಲು ಶಾಲೆಯ ಪಾಠ. ಒಂದು ಸಂಖ್ಯೆಯನ್ನು ಶೇಷ ಉಳಿಯದೆ ಭಾಗಿಸುವುದು ಅದರ ಅಪವರ್ತನ. ಅದರ ಮಗ್ಗಿಯಲ್ಲಿ ಬರುವುದೆಲ್ಲ ಅಪವರ್ತ್ಯ. 1 ಮತ್ತು ತಾನು, ಈ ಎರಡೇ ಅಪವರ್ತನ ಇದ್ದರೆ ಅದು ಅವಿಭಾಜ್ಯ. 1 ಈ ಪಟ್ಟಿಗೆ ಸೇರುವುದಿಲ್ಲ. ಮಂಗಳೂರಿನ ಗಾಡಿ ನಂಬರಿನ 19, ಸೊಲ್ಲಾಪುರದ ಎಂಎಚ್ 13, ಎರಡೂ ಅವಿಭಾಜ್ಯ.

ಸಂಖ್ಯೆ ದೊಡ್ಡದಾದರೆ ಕಣ್ಣಿಗೆ ಮೋಸ ಆಗುತ್ತದೆ. ಸೊಲ್ಲಾಪುರದ ಪಿನ್ 413001, ಅಕ್ಕಲಕೋಟದ್ದು 413216. ಎರಡರ ಮುಂದೂ ಇರುವ 413 ಅವಿಭಾಜ್ಯವೇ? ಬೆಸ ಸಂಖ್ಯೆ, ಹಾಗಾಗಿ 2ರಿಂದ ಹೋಗದು. ಅಂಕಿಗಳ ಮೊತ್ತ 8, ಆದ್ದರಿಂದ 3ರಿಂದಲೂ ಇಲ್ಲ. ಕೊನೆಗೆ 0 ಅಥವಾ 5 ಇಲ್ಲ, 5 ಕೂಡ ಬಿಡಿ. 7ರಿಂದ ನೋಡಿದರೆ 7×59=413. ಸಿಕ್ಕಿಬಿತ್ತು!

419 ಆದರೆ? 2, 3, 5, 7, 11, 13, 17, 19 ಯಾವುದರಿಂದಲೂ ಹೋಗುವುದಿಲ್ಲ. ಅಲ್ಲಿಗೇ ನಿಲ್ಲಿಸಬಹುದು. ಯಾಕೆಂದರೆ ಅಪವರ್ತನಗಳು ಜೋಡಿಯಾಗಿ ಬರುತ್ತವೆ. ಜೋಡಿಯ ಎರಡೂ 21 ಅಥವಾ ಅದಕ್ಕಿಂತ ಹೆಚ್ಚಾದರೆ ಗುಣಲಬ್ಧ 441 ದಾಟುತ್ತದೆ ಅಥವಾ ಮುಟ್ಟುತ್ತದೆ. ಹಾಗಾಗಿ ಒಂದಾದರೂ 20ರೊಳಗೆ ಇರಲೇಬೇಕು. ಇಲ್ಲ ಎಂದಾದರೆ 419 ಅವಿಭಾಜ್ಯ.

ಇನ್ನು ಪಾಲಿನ ಲೆಕ್ಕಕ್ಕೆ ಬರೋಣ. ಅಕ್ಕಲಕೋಟ ತಾಲೂಕಿನ ಒಬ್ಬ ರೈತ ತೀರಿಕೊಂಡರು ಎಂದಿಟ್ಟುಕೊಳ್ಳಿ. ಹೆಂಡತಿ, ತಾಯಿ, ಮೂವರು ಗಂಡು ಮಕ್ಕಳು, ಒಬ್ಬಳು ಮಗಳು ಇದ್ದಾರೆ. ತಂದೆ ಮೊದಲೇ ಹೋಗಿದ್ದಾರೆ. ಸಾಲ, ವಸಿಯ್ಯತ್ ತೀರಿದ ಮೇಲೆ ಉಳಿದ ಹೊಲ 4 ಎಕರೆ 8 ಗುಂಟೆ. ನಮ್ಮಲ್ಲಿ ಸೆಂಟ್ಸ್ ಲೆಕ್ಕ, ಅಲ್ಲಿ ಗುಂಟೆ. 40 ಗುಂಟೆಗೆ ಒಂದು ಎಕರೆ, ಅಂದರೆ ಒಟ್ಟು 168 ಗುಂಟೆ.

ಸೂರಃ ಅನ್ನಿಸಾದ ಪ್ರಕಾರ ಮಕ್ಕಳಿರುವಾಗ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ಉಳಿದದ್ದು ಮಕ್ಕಳಿಗೆ, ಮಗನಿಗೆ ಮಗಳ ಎರಡರಷ್ಟು. ಇಲ್ಲಿ ಶಾಫಿಈ, ಹನಫಿ ಎಂಬ ವ್ಯತ್ಯಾಸ ಇಲ್ಲ.

ಫರಾಯಿಝ್ ಕಲಿಸುವ ಉಸ್ತಾದರು ಎರಡು ಸಂಖ್ಯೆಗಳ ಸಂಬಂಧಕ್ಕೆ ನಾಲ್ಕು ಹೆಸರು ಹೇಳುತ್ತಾರೆ. ಎರಡೂ ಸಮವಾದರೆ ತಮಾಸುಲ್. ಒಂದು ಇನ್ನೊಂದರ ಅಪವರ್ತ್ಯವಾದರೆ ತದಾಖುಲ್. ಅದಿಲ್ಲದೆ ಬರೀ ಸಾಮಾನ್ಯ ಅಪವರ್ತನ ಇದ್ದರೆ ತವಾಫುಖ್, ಅದೂ ಇಲ್ಲದಿದ್ದರೆ ತಬಾಯುನ್. ಶಾಲೆಯ ಪಾಠವೇ ಇದು, ದರ್ಸಿನ ಭಾಷೆಯಲ್ಲಿ.

8 ಮತ್ತು 6ರ ನಡುವೆ ತವಾಫುಖ್, ಎರಡಕ್ಕೂ 2 ಸಾಮಾನ್ಯ. ಹಾಗಾಗಿ 48 ಬೇಡ, 24 ಸಾಕು. ಹೆಂಡತಿಗೆ 3, ತಾಯಿಗೆ 4, ಮಕ್ಕಳಿಗೆ 17.

ತೊಡಕು ಇಲ್ಲಿದೆ. ಮೂವರು ಗಂಡು ಮಕ್ಕಳದ್ದು ಎರಡೆರಡು, ಮಗಳದ್ದು ಒಂದು, ಒಟ್ಟು 7 ಪಾಲು. 17 ಅವಿಭಾಜ್ಯ, 7ರಿಂದ ಹೋಗುವುದಿಲ್ಲ, ಇದು ತಬಾಯುನ್. ಅದರ ಬದಲು 14 ಬಂದಿದ್ದರೆ ಪಾಲಿಗೆ 2ರಂತೆ ಹಂಚಿ ಮುಗಿಸಬಹುದಿತ್ತು. ಈಗ 24ನ್ನೇ 7ರಿಂದ ಗುಣಿಸಬೇಕು: 168. ಹೆಂಡತಿಗೆ 21, ತಾಯಿಗೆ 28, ಒಬ್ಬೊಬ್ಬ ಮಗನಿಗೆ 34, ಮಗಳಿಗೆ 17. ಕೂಡಿಸಿ ನೋಡಿ, 21+28+102+17=168. ಉದಾಹರಣೆಗೆ ಹೊಲವೂ ಅಷ್ಟೇ ಗುಂಟೆ ಇಟ್ಟುಕೊಂಡದ್ದರಿಂದ ಗುಂಟೆಗೆ ಗುಂಟೆ ಸರಿಹೋಯಿತು.

ಸುಮಾರಾಗಿ ಹಂಚುವ ಮನೆಗಳಲ್ಲಿ ಚಿಲ್ಲರೆ ಎಂದು ಬಿಟ್ಟುಬಿಡುವುದು ಹೆಚ್ಚಾಗಿ ಹೆಣ್ಣುಮಕ್ಕಳ ಪಾಲನ್ನೇ. ಇದು ನನ್ನ ಅನಿಸಿಕೆ, ತಪ್ಪಾಗಿದ್ದರೆ ಸಂತೋಷ. ಒಂಬತ್ತನೇ ಶತಮಾನದ ಅಲ್ ಖ್ವಾರಿಝ್ಮಿ ತನ್ನ ಬೀಜಗಣಿತ ಗ್ರಂಥದ ದೊಡ್ಡ ಭಾಗವನ್ನು ವಸಿಯ್ಯತ್ ಮತ್ತು ಪಾಲಿನ ಲೆಕ್ಕಕ್ಕೇ ಕೊಟ್ಟಿದ್ದಾನೆ.

ಹೊಲ 168 ಗುಂಟೆಯೇ ಇರಬೇಕೆಂದಿಲ್ಲ. 5 ಎಕರೆ, ಅಂದರೆ 200 ಗುಂಟೆ ಇದ್ದರೆ 200ನ್ನು 17ರಿಂದ ಗುಣಿಸಿ 168ರಿಂದ ಭಾಗಿಸಿ. ಮಗಳ ಪಾಲು 20 ಗುಂಟೆಗಿಂತ ಸ್ವಲ್ಪ ಜಾಸ್ತಿ. ಆ ಸ್ವಲ್ಪವೂ ಅವಳದ್ದೇ.