ಸುಳ್ಳಿಗೆ ಮುಖಲಕ್ಷಣವುಂಟೆ?

ಬೆಂಗಳೂರಿನಿಂದ ತುಮಕೂರಿನ ರಸ್ತೆಯಲ್ಲಿ ಹೊರಟವರಿಗೆ ನೆಲಮಂಗಲಕ್ಕೆ ಮುಂಚೆ ಮಾಕಳಿ ಎಂಬ ಊರು ಸಿಕ್ಕುತ್ತದೆ. ಕೆಲವು ವರ್ಷಗಳ ಕೆಳಗೆ ಒಂದು ಸಂಜೆ ನಾನು ಅಲ್ಲಿ ಬಸ್ಸಿಗಾಗಿ ಕಾದು ನಿಂತಿದ್ದಾಗ, ಮಧ್ಯವಯಸ್ಸಿನವನೊಬ್ಬನು ಹತ್ತಿರ ಬಂದು, ಯಶವಂತಪುರದಲ್ಲಿ ತನ್ನ ಹಣವನ್ನು ಯಾರೋ ಕದ್ದರೆಂದೂ, ಉಳಿದ ಚಿಲ್ಲರೆಗೆ ಇಲ್ಲಿಯವರೆಗೆ ಮಾತ್ರ ಬರಲು ಸಾಧ್ಯವಾಯಿತೆಂದೂ, ತುಮಕೂರಿಗೆ ಹೋಗಲು ಹಣ ಕೊಟ್ಟರೆ ಹಿಂದಿರುಗಿಸುವೆನೆಂದೂ ಹೇಳಿದನು. ಹೇಳುವಾಗ ಅವನ ದೃಷ್ಟಿ ನೆಲದ ಮೇಲಿತ್ತು, ಮಾತು ತಡವರಿಸುತ್ತಿತ್ತು, ಕೈ ಅಂಗಿಯ ಗುಂಡಿಯನ್ನು ತಿರುವುತ್ತಿತ್ತು. ಇವನು ಸುಳ್ಳುಗಾರನೆಂದು ನಾನು ಒಂದೇ ನೋಟಕ್ಕೆ ತೀರ್ಮಾನಿಸಿ ಮುಖ ತಿರುಗಿಸಿದೆನು. ಪಕ್ಕದ ಚಹದಂಗಡಿಯವನು ಅವನನ್ನು ಕರೆದು, ಏನೋ ಎರಡು ಮಾತು ಕೇಳಿ, ಹಣ ಕೊಟ್ಟು ಕಳುಹಿಸಿದನು. ಅಂಗಡಿಯವನ ಮರುಳುತನಕ್ಕೆ ನಾನು ಮನಸ್ಸಿನಲ್ಲಿಯೇ ನಕ್ಕೆನು. ಆ ನಗೆ ಎಷ್ಟು ದಿನ ಉಳಿಯಿತೆಂಬುದನ್ನು ಆಮೇಲೆ ಅರಿಕೆ ಮಾಡುತ್ತೇನೆ.

ಸುಳ್ಳು ಹೇಳುವವನು ಕಣ್ಣಿಗೆ ಕಣ್ಣು ಕೊಡಲಾರನೆಂಬ ನಂಬಿಕೆ ನನ್ನೊಬ್ಬನದಲ್ಲ. ಸುಳ್ಳನ್ನು ಹೇಗೆ ಗುರುತಿಸುವಿರೆಂದು 58 ದೇಶಗಳ ಜನರನ್ನು ಕೇಳಿದ ವಿಚಾರಣೆಯೊಂದು 2006ರಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಬಂದ ಉತ್ತರ ಇದೇ. ಆದರೆ ಸುಳ್ಳು ಹೇಳುವವರನ್ನೂ ನಿಜ ಹೇಳುವವರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಸಂಶೋಧಕರಿಗೆ ಕಣ್ಣಿನ ಚಲನೆಯಲ್ಲಿ ನೆಚ್ಚಬಹುದಾದ ವ್ಯತ್ಯಾಸವೇನೂ ಕಾಣಲಿಲ್ಲ. ಹಿರಿಯರ ಮುಂದೆ ತಲೆ ತಗ್ಗಿಸಿ ಮಾತನಾಡುವುದೇ ಮರ್ಯಾದೆಯೆಂದು ಕಲಿಸುವ ನಮ್ಮ ನಾಡಿನಲ್ಲಿಯಂತೂ ಈ ಲಕ್ಷಣವನ್ನು ನಂಬಿದವನು ಸಾಧುಗಳನ್ನೇ ಹೆಚ್ಚಾಗಿ ದಂಡಿಸುವನು.

ಅದೇ 2006ರಲ್ಲಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಅಮೆರಿಕದ ವಿದ್ವಾಂಸರು ಅದುವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸುಮಾರು 24,000 ಮಂದಿ ಕೊಟ್ಟ ತೀರ್ಪುಗಳಲ್ಲಿ ಸರಿಯಾದವು ನೂರಕ್ಕೆ 54. ನಾಣ್ಯ ಚಿಮ್ಮಿ ತೀರ್ಪು ಕೊಟ್ಟರೂ 50 ಸರಿಹೋಗುತ್ತಿದ್ದವು! ವಿಚಾರಣೆಯೇ ಕಸುಬಾದ ಪೋಲೀಸರು ಮೊದಲಾದವರೂ ಸಾಮಾನ್ಯರಿಗಿಂತ ಮೇಲೆಂದು ತೋರಲಿಲ್ಲ. ಇನ್ನೊಂದು ಸಂಗತಿ: ನಿಜವನ್ನು ನಿಜವೆಂದು ಗುರುತಿಸಿದ್ದು ನೂರಕ್ಕೆ 61, ಸುಳ್ಳನ್ನು ಸುಳ್ಳೆಂದು ಗುರುತಿಸಿದ್ದು 47. ಎಂದರೆ, ನಂಬುವುದೇ ಮನುಷ್ಯನ ಸಹಜವಾದ ಒಲವು. ಇದನ್ನು ದೌರ್ಬಲ್ಯವೆಂದು ಹಳಿಯಲಾಗದು. ಕೇಳಿದ ಮಾತಿಗೆಲ್ಲ ಸಾಕ್ಷಿ ಬೇಡುತ್ತ ಕುಳಿತರೆ ಸಂತೆಯೂ ನಡೆಯದು, ಸಂಸಾರವೂ ನಡೆಯದು.

ಬಾನುಲಿಯ ಕೇಳುಗರಿಗೆ ಹಿತವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನಲ್ಲಿ ರಿಚರ್ಡ್ ವೈಸ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಸಿದ್ಧ ಸಂದರ್ಶಕರಾದ ರಾಬಿನ್ ಡೇ ಅವರಿಂದ ಎರಡು ಸಲ ತಮ್ಮ ಮೆಚ್ಚಿನ ಚಲಚ್ಚಿತ್ರದ ವಿಷಯ ಮಾತನಾಡಿಸಿದರು. ಒಂದು ನಿಜ, ಒಂದು ಸುಳ್ಳು. ಅದನ್ನು ದೂರದರ್ಶನದಲ್ಲಿ ತೋರಿಸಿ, ರೇಡಿಯೋದಲ್ಲಿ ಕೇಳಿಸಿ, ವೃತ್ತಪತ್ರಿಕೆಯಲ್ಲಿ ಅಚ್ಚುಹಾಕಿಸಿ, ಸುಳ್ಳು ಯಾವುದೆಂದು ಜನರನ್ನು ಕೇಳಿದರು. ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಮುಖವನ್ನು ಕಂಡವರಲ್ಲಿ ನೂರಕ್ಕೆ ಸುಮಾರು 52 ಮಂದಿ, ಓದಿದವರಲ್ಲಿ 64 ಮಂದಿ, ದನಿಯನ್ನು ಮಾತ್ರ ಕೇಳಿದವರಲ್ಲಿ 73 ಮಂದಿ ಸರಿಯಾಗಿ ಹೇಳಿದ್ದರು. ಮಾತನಾಡಿದವರು ಒಬ್ಬರೇ ಆದುದರಿಂದ ಇದರ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಸಲ್ಲದು. ಆದರೂ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರೆಂಬುದನ್ನು ನೆನೆದಾಗ, ಈ ಫಲಿತಾಂಶ ಅವರಿಗೆ ಎಷ್ಟು ಸೊಗಸೆನಿಸುತ್ತಿತ್ತೋ ಎಂದುಕೊಳ್ಳುತ್ತೇನೆ.

ನನ್ನ ತಪ್ಪು ತೀರ್ಪಿನಿಂದ ಒಬ್ಬ ದಾರಿಹೋಕನಿಗೆ ಬಸ್ಸು ತಪ್ಪಬಹುದಾಗಿತ್ತು; ಅಷ್ಟೆ. ಇದೇ ತಪ್ಪು ಸೆರೆಮನೆಯ ಬಾಗಿಲಲ್ಲಿ ನಡೆದರೆ? ಮುಖವನ್ನು ನಂಬಲಾಗದಿದ್ದರೆ ಒಡಲನ್ನೇ ಬಾಯಿಬಿಡಿಸೋಣವೆಂಬ ಆಸೆ ಹುಟ್ಟುವುದು ಇಲ್ಲಿಯೇ. ಆ ಆಸೆಗೆ ನಮ್ಮ ಬೆಂಗಳೂರು ದೊಡ್ಡ ಪ್ರಯೋಗಭೂಮಿಯಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ದೇಶದ ನಾನಾ ಭಾಗಗಳ ಪೋಲೀಸರು ಆರೋಪಿಗಳನ್ನು ಇಲ್ಲಿಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕರೆತರುತ್ತಿದ್ದರು. ಪೆಂಟೊಥಾಲ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಅರೆನಿದ್ರೆಯಲ್ಲಿದ್ದವನನ್ನು ಪ್ರಶ್ನಿಸುವುದು ಒಂದು ಬಗೆ. ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ತರಂಗಗಳಲ್ಲಿ ಅಪರಾಧದ ನೆನಪನ್ನು ಹುಡುಕುವುದು ಇನ್ನೊಂದು. ಎರಡನೆಯದರ ಒಂದು ವಿಧಾನವನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್. ಅದನ್ನು ಪರಿಶೀಲಿಸಿ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗತಕ್ಕ ಶಾಸ್ತ್ರೀಯ ಆಧಾರ ಇದಕ್ಕಿಲ್ಲವೆಂದು 2008ರಲ್ಲಿ ಹೇಳಿದ ಸಮಿತಿಯ ಅಧ್ಯಕ್ಷರು ಅದೇ ಸಂಸ್ಥೆಯ ನಿರ್ದೇಶಕರಾಗಿದ್ದ ಡಿ. ನಾಗರಾಜ. ವಿದ್ಯಾಸಂಸ್ಥೆಯೊಂದಕ್ಕೆ ಇದಕ್ಕಿಂತ ಭೂಷಣವಾದುದನ್ನು ನಾನು ಕಾಣೆ.

ಮದ್ದಿನ ಮಾತಾದರೂ ಅಷ್ಟೆ. ಅದು ನಾಲಗೆಯನ್ನು ಸಡಿಲಿಸುತ್ತದೆ. ಸತ್ಯವನ್ನು ವಿಂಗಡಿಸಿ ಕೊಡುವುದಿಲ್ಲ. ಮಂಪರಿನಲ್ಲಿರುವವನು ನೆನಪನ್ನೂ ಕಲ್ಪನೆಯನ್ನೂ ಪ್ರಶ್ನೆ ಕೇಳಿದವನ ಸೂಚನೆಯನ್ನೂ ಬೆರೆಸಿ ನುಡಿಯಬಲ್ಲನು. ಕಡೆಗೆ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು, ಸುಳ್ಳುಪತ್ತೆಯ ಯಂತ್ರವೂ ಸೇರಿದಂತೆ ಈ ಪರೀಕ್ಷೆಗಳನ್ನು ಒಬ್ಬನ ಸಮ್ಮತಿಯಿಲ್ಲದೆ ಬಲವಂತದಿಂದ ನಡೆಸುವುದು ಸಂವಿಧಾನಕ್ಕೆ ವಿರೋಧವೆಂದು ತೀರ್ಪಿತ್ತರು. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ನಿರ್ಬಂಧಿಸಕೂಡದೆಂಬ 20ನೆಯ ವಿಧಿ ಅವರ ಆಧಾರಗಳಲ್ಲೊಂದು. ಒಪ್ಪಿ ಪರೀಕ್ಷೆಗೆ ಒಳಗಾದರೂ ಅದರ ಫಲ ತಾನಾಗಿ ಸಾಕ್ಷ್ಯವಾಗದು. ಅದರ ಸುಳಿವಿನಿಂದ ಆಮೇಲೆ ಕೈಗೆ ಸಿಕ್ಕ ವಸ್ತುವೋ ವಿಷಯವೋ ಮಾತ್ರ ಸಾಕ್ಷ್ಯವಾಗಬಹುದು.

ಹಾಗಾದರೆ ನಂಬತಕ್ಕದ್ದು ಏನನ್ನು? ನಮ್ಮ ನೈಯಾಯಿಕರು ‘ಆಪ್ತ’ನೆಂದು ಕರೆದದ್ದು ಸೌಮ್ಯಮುಖದವನನ್ನಲ್ಲ. ವಿಷಯವನ್ನು ತಾನೇ ನೇರವಾಗಿ ತಿಳಿದವನು, ತಿಳಿದಂತೆ ತಿಳಿಸುವ ಇಚ್ಛೆಯುಳ್ಳವನು ಆಪ್ತನು; ಅವನು ಋಷಿಯಾಗಬಹುದು, ಮ್ಲೇಚ್ಛನೂ ಆಗಬಹುದೆಂದು ವಾತ್ಸ್ಯಾಯನನ ಭಾಷ್ಯ ಹೇಳುತ್ತದೆ. 1951ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಹೋವ್‌ಲ್ಯಾಂಡ್ ಮತ್ತು ವೈಸ್ ಇದಕ್ಕೊಂದು ಆತಂಕದ ಅಡಿಟಿಪ್ಪಣಿಯನ್ನು ಸೇರಿಸಿದರು. ಅಣುಶಕ್ತಿಯ ಜಲಾಂತರ್ಗಾಮಿಯನ್ನು ಕುರಿತ ಒಂದೇ ಲೇಖನವನ್ನು ಕೆಲವರಿಗೆ ವಿಜ್ಞಾನಿ ಆಪನ್‌ಹೈಮರರದೆಂದೂ, ಕೆಲವರಿಗೆ ರಷ್ಯದ ‘ಪ್ರಾವ್ದಾ’ ಪತ್ರಿಕೆಯದೆಂದೂ ಹೇಳಿ ಓದಿಸಿದರು. ಮೊದಲ ದಿನ ಹೆಸರಿಗೆ ತಕ್ಕಂತೆ ನಂಬಿಕೆ. ನಾಲ್ಕು ವಾರಗಳ ಮೇಲೆ ನೋಡಿದರೆ ವ್ಯತ್ಯಾಸವೇ ಇಲ್ಲ. ಹೇಳಿದವನಿಗೂ ಹೇಳಿದ ಮಾತಿಗೂ ಇದ್ದ ನಂಟು ಮನಸ್ಸಿನಲ್ಲಿ ಸಡಿಲವಾಗಿತ್ತು. ಹೇಳಿದ್ದು ಮಾತ್ರ ಉಳಿದಿತ್ತು. 2012ರ ಆಗಸ್ಟ್ ತಿಂಗಳ ನಡುವಿನಲ್ಲಿ ಈಶಾನ್ಯ ಭಾರತದ ಸಾವಿರಾರು ಜನ ಬೆಂಗಳೂರಿನ ರೈಲ್ವೆ ನಿಲ್ದಾಣಕ್ಕೆ ಧಾವಿಸಿ ಗುವಾಹಾಟಿಯ ಗಾಡಿಗಳನ್ನು ಹತ್ತಿದರಲ್ಲ, ಅವರನ್ನು ಓಡಿಸಿದ ದೂರವಾಣಿಯ ಸಂದೇಶಗಳಿಗೆ ಹೇಳಿದವನೆಂಬುವನು ಮೊದಲಿನಿಂದಲೇ ಇರಲಿಲ್ಲ.

ಇನ್ನು ಮಾಕಳಿಯ ಚಹದಂಗಡಿ. ಹತ್ತು ಹನ್ನೆರಡು ದಿನಗಳ ಮೇಲೆ ನಾನು ಮತ್ತೆ ಅಲ್ಲಿ ಇಳಿದಾಗ, ಆ ದಿನದ ಮನುಷ್ಯನ ಕತೆ ಏನಾಯಿತೆಂದು ಸ್ವಲ್ಪ ಹಾಸ್ಯವಾಗಿಯೇ ಕೇಳಿದೆನು. ಅವನು ಮೂರನೆಯ ದಿನ ಬಂದು ಹಣವನ್ನು ಕೊಟ್ಟು, ಜೊತೆಗೆ ಒಂದು ಚೀಲ ಅವರೆಕಾಯಿಯನ್ನೂ ಇಟ್ಟು ಹೋದನಂತೆ. ಅವನ ಮಾತು ನಿಜವೆಂದು ನಿನಗೆ ಹೇಗೆ ತೋರಿತಪ್ಪಾ ಎಂದರೆ ಅಂಗಡಿಯವನು ಹೇಳಿದನು: “ನಾನು ಮುಖ ಎಲ್ಲಿ ನೋಡ್ದೆ ಸ್ವಾಮಿ? ಒಲೆ ಮುಂದೆ ಇದ್ದೆ. ಯಶವಂತಪುರದಿಂದ ಬಂದೆ ಅಂದ್ಯಲ್ಲ, ಟಿಕೀಟು ತೋರ್ಸು ಅಂದೆ. ತೋರಿಸ್ದ. ಮಾಕಳಿಗೇ ತಗೊಂಡಿದ್ದ.”

ಸುಳ್ಳನ್ನು ಕುರಿತು ದುಡಿಯುತ್ತಿರುವ ಆಲ್ಡರ್ಟ್ ವ್ರೈ ಮೊದಲಾದವರು ಈಚಿನ ವರ್ಷಗಳಲ್ಲಿ ಒತ್ತಿ ಹೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ: ಚಹರೆಯನ್ನು ಬಿಟ್ಟು, ಪರೀಕ್ಷಿಸಿ ನೋಡಬಹುದಾದ ವಿವರವನ್ನು ಕೇಳಿರಿ. ಅಂಗಡಿಯವನಿಗೆ ಇದನ್ನು ತಿಳಿಸಿದೆನು. ಅವನು ತಲೆದೂಗಿ, ನನ್ನ ಚಹಕ್ಕೆ ಸಕ್ಕರೆ ಎಷ್ಟೆಂದು ಕೇಳಿದನು.